ಸಿಗ್ನಲ್ ಬ್ಲಿಂಕ್ ಆಗುತ್ತಿದ್ದರೆ, ರೀಸೆಟ್ ಒತ್ತುವ ಮೊದಲು

ಅಡ್ಡಡ್ಡ ಹಾಯುವ ಎರಡು ದಿಕ್ಕುಗಳಿಗೆ ಒಂದೇ ಹೊತ್ತಿಗೆ ಹಸಿರು ಬೀಳಬಾರದು. ಟ್ರಾಫಿಕ್ ಸಿಗ್ನಲ್ಲಿನ ಮೊದಲ ಕೆಲಸ ಇದು. ವಾಹನಗಳು ಕಾಯುವ ಹೊತ್ತು ಕಡಿಮೆ ಮಾಡುವುದು, ನಡೆದು ಹೋಗುವವರನ್ನು ದಾಟಿಸುವುದು, ಆಂಬುಲೆನ್ಸಿಗೆ ದಾರಿ ಬಿಡಿಸುವುದು ಎಲ್ಲ ಇದರ ನಂತರದ ಮಾತು. 1914ರ ಆಗಸ್ಟ್ 5ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಶುರುವಾದ ವಿದ್ಯುತ್ ಸಿಗ್ನಲ್ಲಿಗೆ ಇದ್ದದ್ದು ಕೆಂಪು, ಹಸಿರು ಎರಡೇ ಬಣ್ಣ, ಅದನ್ನು ಗೂಡಿನೊಳಗೆ ಕೂತ ಒಬ್ಬರು ಕೈಯಿಂದ ಬದಲಿಸಬೇಕಿತ್ತು. ಆದರೂ ಎರಡೂ ರಸ್ತೆಗೆ ಒಟ್ಟಿಗೆ ಹಸಿರು ಕೊಡಲು ಆಗದ ಹಾಗೆ ಅದರ ವೈರಿಂಗ್ ಮಾಡಿದ್ದರು. ಇವತ್ತು ರಸ್ತೆ ಬದಿಯ ಪೆಟ್ಟಿಗೆಯ ಬಾಗಿಲು ತೆಗೆದರೆ ಕಾಣುವ ಸಾಮಾನಿನಲ್ಲಿ ಬಹಳಷ್ಟು ಅದೇ ಕಟ್ಟಳೆಯನ್ನು ಕಾಯುವುದಕ್ಕೆಂದೇ ಕೂತಿದೆ. ಆ ಕಾವಲು ಹೇಗೆ ಯೋಚಿಸುತ್ತದೆ ಎಂದು ತಿಳಿದರೆ ರಿಪೇರಿ ಅರ್ಧ ಮುಗಿದ ಹಾಗೆ. ತಿಳಿಯದೆ ರೀಸೆಟ್ ಒತ್ತಿ ಹೊರಟರೆ ಅದೇ ಜಂಕ್ಷನ್‌ಗೆ ಅದೇ ವಾರದಲ್ಲಿ ಮತ್ತೆ ಬರಬೇಕಾಗುತ್ತದೆ.

ಪೆಟ್ಟಿಗೆಯೊಳಗಿನ ದಾರಿ

ಕರೆಂಟು ಬರುವ ದಾರಿಯನ್ನೇ ಹಿಡಿದು ಹೋಗೋಣ. ಮೊದಲು ಮೇನ್ ಬ್ರೇಕರ್. ಅದರ ಬೆನ್ನಿಗೇ ಸಿಡಿಲು, ಏರುವೋಲ್ಟೇಜ್ ತಡೆಯುವ ಸರ್ಜ್ ಅರೆಸ್ಟರ್. ಅಲ್ಲಿಂದ ಒಂದು ಕವಲು ಕಂಟ್ರೋಲರಿಗೆ, ಇನ್ನೊಂದು ಲೋಡ್ ಸ್ವಿಚ್‌ಗಳಿಗೆ. ಕಂಟ್ರೋಲರ್ ಎಂದರೆ ಸಮಯ ಲೆಕ್ಕ ಹಾಕುವ ಕಂಪ್ಯೂಟರ್. ಅದು ತಾನಾಗಿ ಯಾವ ದೀಪವನ್ನೂ ಹೊತ್ತಿಸುವುದಿಲ್ಲ, 24 ವೋಲ್ಟ್ ಡಿಸಿಯ ಒಂದು ಸಣ್ಣ ಸಂಕೇತ ಕೊಡುತ್ತದೆ ಅಷ್ಟೆ. ಆ ಸಂಕೇತ ನೋಡಿ ಮೇನ್ಸ್ ಕರೆಂಟನ್ನು ದೀಪಕ್ಕೆ ಬಿಡುವುದು ಲೋಡ್ ಸ್ವಿಚ್. ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ, ಸಾಕೆಟ್ಟಿನಿಂದ ಎಳೆದು ತೆಗೆಯಬಹುದಾದ ಡಬ್ಬಿ ಇದು. ಒಂದು ಸರದಿಗೆ (ಒಟ್ಟಿಗೆ ಬಣ್ಣ ಬದಲಿಸುವ ದೀಪಗಳ ಗುಂಪಿಗೆ) ಒಂದು ಡಬ್ಬಿ, ಅದರೊಳಗೆ ಕೆಂಪು, ಹಳದಿ, ಹಸಿರಿಗೆ ಒಂದೊಂದು ಎಲೆಕ್ಟ್ರಾನಿಕ್ ಸ್ವಿಚ್.

ಹೊಸಬರು ಎಡವುವುದು ಇಲ್ಲೇ. ಲೋಡ್ ಸ್ವಿಚ್ಚಿನ ಮುಖದ ಮೇಲಿರುವ ಪುಟ್ಟ ದೀಪಗಳು ಸಾಮಾನ್ಯವಾಗಿ ಒಳಬರುವ ಸಂಕೇತವನ್ನು ತೋರಿಸುತ್ತವೆ, ಹೊರಹೋಗುವ ಕರೆಂಟನ್ನಲ್ಲ. ಪುಟ್ಟ ದೀಪ ಹಸಿರು ತೋರಿಸುತ್ತಿದ್ದು ಕಂಬದ ಮೇಲೆ ಹಸಿರು ಇಲ್ಲವೆಂದರೆ ಕಂಟ್ರೋಲರ್ ಸರಿಯಿದೆ. ಲೋಡ್ ಸ್ವಿಚ್, ಕೇಬಲ್, ದೀಪ ಈ ಮೂರರಲ್ಲಿ ಒಂದು ಕೆಟ್ಟಿದೆ. ಪಕ್ಕದ ಸರಿಯಿರುವ ಲೋಡ್ ಸ್ವಿಚ್ ಜೊತೆ ಅದಲುಬದಲು ಮಾಡಿ ನೋಡಿ. ದೋಷ ಡಬ್ಬಿಯ ಜೊತೆಗೇ ಜಾಗ ಬದಲಿಸಿದರೆ ಡಬ್ಬಿ ಹಾಳು, ಅಲ್ಲೇ ಉಳಿದರೆ ಕೇಬಲ್ ಅಥವಾ ದೀಪ. ಆದರೆ ಡಬ್ಬಿ ಎಳೆಯುವ ಮೊದಲು ಜಂಕ್ಷನ್ನನ್ನು ದೀಪಗಳು ಬರೀ ಬ್ಲಿಂಕ್ ಆಗುವ ಸ್ಥಿತಿಗೆ, ಅಂದರೆ ಫ್ಲ್ಯಾಶ್‌ಗೆ ಹಾಕಿರಬೇಕು. ಓಡುತ್ತಿರುವಾಗ ಎಳೆದರೆ ಆ ದಿಕ್ಕಿನ ಚಾಲಕರಿಗೆ ಯಾವ ಬಣ್ಣವೂ ಕಾಣದೆ ಹೋಗುತ್ತದೆ.

ಕಾವಲುಗಾರ

ಕಂಟ್ರೋಲರನ್ನು ನಂಬದೆ ಇರುವುದೇ ಕೆಲಸವಾಗಿರುವ ಇನ್ನೊಂದು ಉಪಕರಣ ಪಕ್ಕದಲ್ಲೇ ಇರುತ್ತದೆ: ಕಾನ್‌ಫ್ಲಿಕ್ಟ್ ಮಾನಿಟರ್. ಇದರ ವೈರುಗಳು ಲೋಡ್ ಸ್ವಿಚ್ಚಿನ ಹೊರಬದಿಗೆ, ಅಂದರೆ ದೀಪಕ್ಕೆ ಹೊರಡುವ ಟರ್ಮಿನಲ್‌ಗೆ ಸೇರಿರುತ್ತವೆ. ಕಂಟ್ರೋಲರ್ ಏನು ಹೇಳಿತು ಎಂಬುದು ಇದಕ್ಕೆ ಬೇಕಿಲ್ಲ, ರಸ್ತೆಗೆ ನಿಜವಾಗಿ ಯಾವ ವೋಲ್ಟೇಜ್ ಹೋಗುತ್ತಿದೆ ಎಂಬುದಷ್ಟೇ ಬೇಕು. ಯಾವ ಯಾವ ಸರದಿಗಳು ಒಟ್ಟಿಗೆ ಓಡಬಹುದು ಎಂಬುದನ್ನು ಒಂದು ಪ್ರೋಗ್ರಾಂ ಕಾರ್ಡಿನಲ್ಲಿ ಜಂಪರ್ ಬೆಸುಗೆ ಹಾಕಿ ಹೇಳಿರುತ್ತಾರೆ. ಬೆಸುಗೆ ಇಲ್ಲದ ಜೋಡಿಗಳೆಲ್ಲ ಪರಸ್ಪರ ವೈರಿಗಳು. ಹಾಗಾಗಿ ಯಾರಾದರೂ ಮರೆತರೂ ತಪ್ಪು ಸುರಕ್ಷಿತ ಬದಿಗೇ ವಾಲುತ್ತದೆ. ಯಾರು ಯೋಚಿಸಿದ್ದೋ, ಬಹಳ ಚೆಂದದ ಯೋಚನೆ.

ವೈರಿಗಳಾದ ಎರಡು ಸರದಿಗಳಲ್ಲಿ ಒಟ್ಟಿಗೆ ಹಸಿರು ಇಲ್ಲವೇ ಹಳದಿಯ ವೋಲ್ಟೇಜ್ ಕಂಡರೆ ಅರ್ಧ ಸೆಕೆಂಡಿನೊಳಗೆ ಮಾನಿಟರ್ ಇಡೀ ಜಂಕ್ಷನ್ನನ್ನು ಕಂಟ್ರೋಲರಿನ ಕೈಯಿಂದ ಕಿತ್ತುಕೊಳ್ಳುತ್ತದೆ. ಫ್ಲ್ಯಾಶ್ ರಿಲೇಗಳು ಕೆಳಗೆ ಬೀಳುತ್ತವೆ, ದೀಪಗಳ ವೈರು ಲೋಡ್ ಸ್ವಿಚ್‌ನಿಂದ ಬಿಟ್ಟು ಫ್ಲ್ಯಾಶರ್ ಎಂಬ ಬೇರೆಯೇ ಡಬ್ಬಿಗೆ ಸೇರುತ್ತದೆ, ಸೆಕೆಂಡಿಗೆ ಸುಮಾರು ಒಂದು ಸಲದಂತೆ ಬ್ಲಿಂಕ್ ಶುರುವಾಗುತ್ತದೆ. ಕಂಟ್ರೋಲರ್ ಸತ್ತೇ ಹೋಗಿದ್ದರೂ ಇದು ನಡೆಯುತ್ತದೆ. ಮಾನಿಟರ್ ಗಮನಿಸುವುದು ಇದೊಂದನ್ನೇ ಅಲ್ಲ. ಒಂದು ದಿಕ್ಕಿಗೆ ಯಾವ ಬಣ್ಣವೂ ಇಲ್ಲದಿರುವುದು, ಒಂದೇ ದಿಕ್ಕಿಗೆ ಎರಡು ಬಣ್ಣ ಒಟ್ಟಿಗೆ ಬರುವುದು, ಹಳದಿ ಬೇಗ ಮುಗಿಯುವುದು (2.7 ಸೆಕೆಂಡಿಗಿಂತ ಕಡಿಮೆಯಾದರೆ ಅನೇಕ ಮಾನಿಟರ್‌ಗಳು ಒಪ್ಪುವುದಿಲ್ಲ), 24 ವೋಲ್ಟ್ ಕುಸಿಯುವುದು, ಕಂಟ್ರೋಲರ್ ಉಸಿರಾಡುತ್ತಿದ್ದೇನೆ ಎಂಬ ಸಂಕೇತ ನಿಲ್ಲಿಸುವುದು, ಎಲ್ಲವನ್ನೂ ನೋಡುತ್ತಿರುತ್ತದೆ.

ಹೀಗೆ ಬ್ಲಿಂಕ್‌ಗೆ ಬಿದ್ದ ಸಿಗ್ನಲ್ಲಿನ ಮಾನಿಟರ್ ಮುಖದ ಮೇಲೆ, ತಪ್ಪು ಸಂಭವಿಸಿದ ಆ ಕ್ಷಣದ ಚಿತ್ರ ಹಾಗೇ ನಿಂತಿರುತ್ತದೆ: ಯಾವ ಬಗೆಯ ದೋಷ, ಆಗ ಯಾವ ಚಾನೆಲ್ಲಿನಲ್ಲಿ (ಮಾನಿಟರ್ ಒಂದೊಂದು ಸರದಿಯನ್ನೂ ಒಂದೊಂದು ನಂಬರಿನ ಚಾನೆಲ್ಲಾಗಿ ನೋಡುತ್ತದೆ) ಯಾವ ಬಣ್ಣವಿತ್ತು. ಹಳೆಯ ಮಾನಿಟರ್‌ಗಳಲ್ಲಿ ರೀಸೆಟ್ ಒತ್ತಿದರೆ ಅದು ಅಳಿಸಿಹೋಗುತ್ತದೆ. ಹೊಸವು ದಾಖಲೆ ಇಟ್ಟುಕೊಳ್ಳುತ್ತವೆ, ಆದರೂ ಒಂದು ಫೋಟೋ ತೆಗೆದುಕೊಂಡು, ಚಾನೆಲ್ ನಂಬರು ಬರೆದುಕೊಂಡು ಆಮೇಲೆ ಕೈ ಹಾಕುವುದು ಒಳ್ಳೆಯದು. ಆ ನಂಬರು ಗೊತ್ತಿದ್ದರೆ ಹುಡುಕಬೇಕಾದ ಜಾಗ ಒಂದು ಕಂಬಕ್ಕೆ ಇಳಿಯುತ್ತದೆ. ಗೊತ್ತಿಲ್ಲದಿದ್ದರೆ ನಾಲ್ಕೂ ಕಡೆಯ ಕೇಬಲ್ ಜಾಲಾಡಬೇಕು.

ಬ್ಲಿಂಕ್ ಆಗುತ್ತಲೇ ಇದೆ, ಕಾರಣ ಸಿಗುತ್ತಿಲ್ಲ ಎಂದು ಮಾನಿಟರನ್ನೇ ಬೈಪಾಸ್ ಮಾಡುವುದು, ಕಾರ್ಡಿನಲ್ಲಿ ಒಂದು ಜಂಪರ್ ಹೆಚ್ಚಿಗೆ ಹಾಕುವುದು, ಇವೆರಡನ್ನು ಯಾವ ಕಾರಣಕ್ಕೂ ಮಾಡಬೇಡಿ. ಬ್ಲಿಂಕ್ ಆಗುವ ಜಂಕ್ಷನ್ನಿನಲ್ಲಿ ಜನ ಎಚ್ಚರದಿಂದ ದಾಟುತ್ತಾರೆ. ಎರಡು ಕಡೆ ಹಸಿರು ಬಿದ್ದ ಜಂಕ್ಷನ್ನಿನಲ್ಲಿ ಇಬ್ಬರೂ ತಮ್ಮದೇ ಸರಿ ಎಂಬ ನಂಬಿಕೆಯಲ್ಲಿ ಪೂರ್ತಿ ವೇಗದಲ್ಲಿ ಬರುತ್ತಾರೆ.

ಕಾಣದ ಕಳ್ಳ: ನ್ಯೂಟ್ರಲ್

ಮಾನಿಟರ್ ದೋಷ ತೋರಿಸುತ್ತದೆ, ಕಣ್ಣಿಗೆ ಎಲ್ಲ ದೀಪವೂ ಸರಿಯಾಗೇ ಕಾಣುತ್ತದೆ. ಇಂಥ ದೂರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ನ್ಯೂಟ್ರಲ್, ಅಂದರೆ ಕರೆಂಟು ವಾಪಸು ಹೋಗುವ ವೈರು.

ಒಂದು ಸಿಗ್ನಲ್ ತಲೆಯ ಮೂರೂ ದೀಪಕ್ಕೆ ಒಂದೇ ನ್ಯೂಟ್ರಲ್ ಇರುತ್ತದೆ. ಕಂಬದ ಕೈಕಿಂಡಿಯೊಳಗಿನ ಟರ್ಮಿನಲ್‌ನಲ್ಲಿ ಆ ಸ್ಕ್ರೂ ಸಡಿಲವಾಗಿದೆ, ಇಲ್ಲವೇ ತುಕ್ಕು ತಿಂದಿದೆ ಎಂದುಕೊಳ್ಳಿ. ಈಗ ಕೆಂಪು ದೀಪಕ್ಕೆ ಬಂದ ಕರೆಂಟಿಗೆ ವಾಪಸು ಹೋಗುವ ದಾರಿ ಇಲ್ಲ. ಅದು ಕೆಂಪು ದೀಪ ದಾಟಿ, ಮೂರಕ್ಕೂ ಸೇರಿದ ಗಂಟಿಗೆ ಬಂದು, ಅಲ್ಲಿಂದ ಹಸಿರು ದೀಪದ ಮೂಲಕ ಹಿಮ್ಮುಖವಾಗಿ ಹಸಿರಿನ ಕೇಬಲ್ ಹಿಡಿದು ಪೆಟ್ಟಿಗೆಯ ತನಕ ಬರುತ್ತದೆ. ಅಲ್ಲಿ ಹಸಿರು ಟರ್ಮಿನಲ್‌ನಲ್ಲಿ ವೋಲ್ಟೇಜ್ ಕಾಣಿಸಿತೋ, ಮಾನಿಟರ್ ತನ್ನ ಕೆಲಸ ಮಾಡುತ್ತದೆ. ಅದೇ ಸರದಿಗೆ ಎದುರು ಕಂಬದಲ್ಲಿ ಇನ್ನೊಂದು ತಲೆ ಇದ್ದರೆ ಈ ಅಲೆಮಾರಿ ಕರೆಂಟು ಆ ತಲೆಯ ಹಸಿರು ದೀಪದ ಮೂಲಕ ಇಳಿದು ಹೋಗಬಹುದು. ಆಗ ಅಲ್ಲಿ ಕೆಂಪು ಹೊತ್ತಿದ್ದಾಗಲೇ ಹಸಿರು ಮಂಕಾಗಿ, ಮಿಂಚುಹುಳದ ಹಾಗೆ ಉಸಿರಾಡುವುದು ಕಾಣುತ್ತದೆ. ಹಗಲಿನಲ್ಲಿ ಗೊತ್ತೇ ಆಗುವುದಿಲ್ಲ. ಸಂಜೆ ಕತ್ತಲಾದ ಮೇಲೆ ದೀಪದ ಎದುರು ನಿಂತು ನೋಡಬೇಕು.

ಇದೇ ಕುಟುಂಬದ ಇನ್ನೊಂದು ತೊಂದರೆ ಇದೆ. ಲೋಡ್ ಸ್ವಿಚ್ ಆಫ್ ಇದ್ದಾಗಲೂ ಕೆಲವು ಮಿಲಿಆಂಪಿಯರ್ ಸೋರುತ್ತದೆ. ಹಳೆಯ ಫಿಲಮೆಂಟ್ ಬಲ್ಬ್ ಆ ಸೋರಿಕೆಯನ್ನು ಸದ್ದಿಲ್ಲದೆ ನ್ಯೂಟ್ರಲ್ಲಿಗೆ ಇಳಿಸಿಬಿಡುತ್ತಿತ್ತು. ಬಲ್ಬ್ ಸುಟ್ಟಿದ್ದರೆ, ಅಥವಾ ಅದರ ಜಾಗಕ್ಕೆ ಬಂದ ಎಲ್ಇಡಿ ತೀರಾ ಕಡಿಮೆ ಕರೆಂಟು ಎಳೆಯುತ್ತಿದ್ದರೆ, ಟರ್ಮಿನಲ್‌ನಲ್ಲಿ ಹತ್ತಾರು ವೋಲ್ಟ್ ತೇಲುತ್ತ ನಿಲ್ಲುತ್ತದೆ. ಮಾನಿಟರಿಗೆ ಅದೇ ಹಸಿರು. ಪರಿಹಾರ ಸರಳ: ಆ ಔಟ್‌ಪುಟ್ ಮತ್ತು ನ್ಯೂಟ್ರಲ್ ನಡುವೆ ತಯಾರಕರು ಹೇಳಿದ ಲೋಡ್ ರೆಸಿಸ್ಟರ್. ಬಳಸದೆ ಬಿಟ್ಟ ಚಾನೆಲ್ ಇದ್ದರೆ ಅದರ ಕೆಂಪು ಇನ್‌ಪುಟ್‌ಗೆ ಲೈನ್ ಕೊಟ್ಟಿರಬೇಕು, ಇಲ್ಲದಿದ್ದರೆ ಮಾನಿಟರ್ ಅಲ್ಲಿ ಕೆಂಪು ಹೋಗಿದೆ ಎಂದು ದೂರುತ್ತದೆ.

ಅಳೆಯುವಾಗ ಒಂದು ಮಾತು ನೆನಪಿರಲಿ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳ ಪ್ರತಿರೋಧ 10 ಮೆಗಾಓಮ್ ಆಸುಪಾಸು. ಪಕ್ಕದ ವೈರಿನಿಂದ ಹಾರಿ ಬಂದ ದೆವ್ವದ ವೋಲ್ಟೇಜನ್ನೂ ಅದು ನಿಜದಂತೆ ತೋರಿಸುತ್ತದೆ. ಕಡಿಮೆ ಪ್ರತಿರೋಧದ ಮೋಡ್ ಇರುವ ಮೀಟರ್ ಬಳಸಿ, ಇಲ್ಲವೇ ಟರ್ಮಿನಲ್‌ಗೆ ಒಂದು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಲ್ಯಾಂಪ್ ಹಿಡಿದ ಕೂಡಲೇ ವೋಲ್ಟೇಜ್ ಸೊನ್ನೆಗೆ ಇಳಿದರೆ ಅದು ತೇಲುವ ವೋಲ್ಟೇಜ್, ಇಳಿಯದಿದ್ದರೆ ಎಲ್ಲೋ ನಿಜವಾದ ದಾರಿಯಿಂದ ಬರುತ್ತಿದೆ.

ಹಳದಿಯ ಲೆಕ್ಕ

ಹಳದಿ ಎಷ್ಟು ಸೆಕೆಂಡ್ ಇರಬೇಕು ಎಂಬುದು ಅಂದಾಜಿನ ಮಾತಲ್ಲ. ಚಾಲಕ ನೋಡಿ ತೀರ್ಮಾನಿಸಲು 1 ಸೆಕೆಂಡ್. ಅದಕ್ಕೆ, ವಾಹನದ ವೇಗವನ್ನು ಬ್ರೇಕ್ ಹಿಡಿತದ ಎರಡರಷ್ಟರಿಂದ ಭಾಗಿಸಿ ಕೂಡಿಸಬೇಕು. ಹಿತವಾದ ಬ್ರೇಕ್ ಹಿಡಿತ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 3.05 ಮೀಟರ್ ಎಂದು ಹಿಡಿಯುವುದು ರೂಢಿ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ 13.9 ಮೀಟರ್. ಅದನ್ನು 6.1ರಿಂದ ಭಾಗಿಸಿದರೆ 2.3, ಒಂದು ಸೇರಿಸಿದರೆ 3.3 ಸೆಕೆಂಡ್. 60 ಕಿ.ಮೀ. ವೇಗಕ್ಕೆ 3.7 ಆಗುತ್ತದೆ. ಇಳಿಜಾರಿನಲ್ಲಿ ಬರುವ ರಸ್ತೆಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಹಳದಿ ಕಡಿಮೆಯಾದರೆ ನಿಲ್ಲಲೂ ಆಗದ, ದಾಟಲೂ ಆಗದ ಒಂದು ತುಂಡು ರಸ್ತೆ ಹುಟ್ಟಿಕೊಳ್ಳುತ್ತದೆ. ಅಲ್ಲಿ ಸಿಕ್ಕವರು ಎಷ್ಟೇ ಒಳ್ಳೆಯ ಚಾಲಕರಾದರೂ ತಪ್ಪಿತಸ್ಥರಾಗುತ್ತಾರೆ.

ಹಳದಿಯ ನಂತರ ಎಲ್ಲ ಕಡೆಯೂ ಕೆಂಪು ಇರುವ ಹೊತ್ತು. ಜಂಕ್ಷನ್ನಿನ ಅಗಲಕ್ಕೆ ವಾಹನದ ಉದ್ದ ಕೂಡಿಸಿ ವೇಗದಿಂದ ಭಾಗಿಸಿ. 24 ಮೀಟರ್ ಅಗಲ, 6 ಮೀಟರ್ ವಾಹನ, 50 ಕಿ.ಮೀ. ವೇಗವಾದರೆ ಸುಮಾರು 2.2 ಸೆಕೆಂಡ್. ಪಾದಚಾರಿಗಳ ಲೆಕ್ಕವೂ ಹೀಗೇ. 14 ಮೀಟರ್ ರಸ್ತೆಯನ್ನು ಸೆಕೆಂಡಿಗೆ 1.07 ಮೀಟರ್ ನಡಿಗೆಯಲ್ಲಿ ದಾಟಲು 13 ಸೆಕೆಂಡ್ ಬೇಕು. ಇದು ಹಸಿರು ಮನುಷ್ಯ ಮಿಣುಕಲು ಶುರುವಾದ ಮೇಲಿನ ಹೊತ್ತು, ಹೆಜ್ಜೆ ಇಡಲು ಕೊಡುವ ಮೊದಲ ಐದೇಳು ಸೆಕೆಂಡ್ ಬೇರೆ. ವಯಸ್ಸಾದವರು, ಕೋಲು ಹಿಡಿದವರು ಹೆಚ್ಚು ದಾಟುವ ಕಡೆ ನಡಿಗೆಯ ವೇಗವನ್ನು ಇನ್ನೂ ತಗ್ಗಿಸಲೇಬೇಕು.

ಎಲ್ಲ ಸರದಿಯೂ ಒಮ್ಮೆ ಬಂದು ಹೋಗುವ ಇಡೀ ಸುತ್ತು ಎಷ್ಟು ಉದ್ದ ಎಂಬುದಕ್ಕೆ ಬ್ರಿಟನ್ನಿನ ಸಂಚಾರ ಸಂಶೋಧಕ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರವನ್ನು ಇವತ್ತಿಗೂ ಮೊದಲ ಅಂದಾಜಿಗೆ ಬಳಸುತ್ತಾರೆ. ಸುತ್ತಿನಲ್ಲಿ ಯಾರೂ ದಾಟದೆ ವ್ಯರ್ಥವಾಗುವ ಒಟ್ಟು ಸೆಕೆಂಡುಗಳ ಒಂದೂವರೆ ಪಟ್ಟಿಗೆ 5 ಕೂಡಿಸಿ, ಒಂದರಿಂದ ದಟ್ಟಣೆಯ ಮೊತ್ತ ಕಳೆದದ್ದರಿಂದ ಭಾಗಿಸಬೇಕು. ದಟ್ಟಣೆಯ ಮೊತ್ತ ಎಂದರೆ, ಪ್ರತಿ ಸರದಿಯಲ್ಲಿ ಬರುವ ವಾಹನಗಳಿಗೂ ಆ ಲೇನ್ ಎಡೆಬಿಡದೆ ಹಸಿರಿದ್ದರೆ ಬಿಡಬಲ್ಲ ವಾಹನಗಳಿಗೂ ಇರುವ ಅನುಪಾತವನ್ನು ಎಲ್ಲ ಸರದಿಗೂ ಸೇರಿಸಿದ್ದು. ನಾಲ್ಕು ಸರದಿ, ಒಟ್ಟು 16 ಸೆಕೆಂಡ್ ವ್ಯರ್ಥ, ದಟ್ಟಣೆ 0.75 ಆದರೆ 116 ಸೆಕೆಂಡ್. ದಟ್ಟಣೆ 0.85ಕ್ಕೆ ಏರಿದರೆ ಅದೇ ಲೆಕ್ಕ 193 ಸೆಕೆಂಡ್ ಕೇಳುತ್ತದೆ. ಅಷ್ಟು ಉದ್ದದ ಸುತ್ತು ಯಾರಿಗೂ ಬೇಡ. ಆಗ ಸಮಯ ಹಿಗ್ಗಿಸುವುದಕ್ಕಿಂತ ಸರದಿಗಳ ಸಂಖ್ಯೆ ಇಳಿಸುವ ದಾರಿ ಹುಡುಕುವುದು ಮೇಲು.

ರಸ್ತೆಯೊಳಗಿನ ಸುರುಳಿ

ವಾಹನ ಬಂದಿದೆಯೇ ಎಂದು ತಿಳಿಯಲು ಕ್ಯಾಮೆರಾ, ರೇಡಾರ್ ಬಂದಿದ್ದರೂ ಡಾಂಬರಿನಲ್ಲಿ ಗರಗಸದಿಂದ ಗೆರೆ ಕೊರೆದು ಹೂತ ಇಂಡಕ್ಟಿವ್ ಲೂಪ್ ಇನ್ನೂ ಬಹಳ ಕಡೆ ದುಡಿಯುತ್ತಿದೆ. 1.8 ಮೀಟರ್ ಚೌಕ, 3 ಸುತ್ತು ವೈರು ಎಂದರೆ ಸುಮಾರು 75 ಮೈಕ್ರೋಹೆನ್ರಿ ಇಂಡಕ್ಟೆನ್ಸ್. ಡಿಟೆಕ್ಟರ್ ಕಾರ್ಡ್ ಇದನ್ನು ಹತ್ತಾರು ಕಿಲೋಹರ್ಟ್ಸ್‌ನಲ್ಲಿ ಕುಣಿಸುತ್ತಿರುತ್ತದೆ. ಮೇಲೆ ಲೋಹದ ಮೈ ಬಂದು ನಿಂತರೆ ಅದರಲ್ಲಿ ಸುಳಿ ಪ್ರವಾಹ ಹುಟ್ಟಿ ಲೂಪಿನ ಇಂಡಕ್ಟೆನ್ಸ್ ಇಳಿಯುತ್ತದೆ, ಆವರ್ತನ ಏರುತ್ತದೆ. ಕಾರ್ಡ್ ಹಿಡಿಯುವುದು ಆ ಏರಿಕೆಯನ್ನು, ತೂಕವನ್ನಲ್ಲ. ಹಾಗಾಗಿ ಎತ್ತರದ ಚಾಸಿಯ ಲಾರಿಗಿಂತ ನೆಲಕ್ಕೆ ಹತ್ತಿರವಿರುವ ಕಾರು ಚೆನ್ನಾಗಿ ಕಾಣುತ್ತದೆ. ಬೈಕು, ಸೈಕಲ್ಲಿನವರು ಚೌಕದ ನಡುವೆ ನಿಲ್ಲುವ ಬದಲು ಕೊರೆದ ಗೆರೆಯ ಮೇಲೆಯೇ ಚಕ್ರ ಇಟ್ಟು ನಿಂತರೆ ಸಿಗ್ನಲ್ಲಿಗೆ ಗೊತ್ತಾಗುವ ಸಂಭವ ಹೆಚ್ಚು.

ಲೂಪಿನಿಂದ ಪೆಟ್ಟಿಗೆಗೆ ಬರುವ ಕೇಬಲ್ ಕೂಡ ಮೀಟರಿಗೆ ಸುಮಾರು 0.7 ಮೈಕ್ರೋಹೆನ್ರಿ ಸೇರಿಸುತ್ತದೆ. 100 ಮೀಟರ್ ಎಳೆದರೆ ಅದೇ 70, ಅಂದರೆ ಲೂಪಿನಷ್ಟೇ. ವಾಹನದಿಂದ ಆಗುವ ಬದಲಾವಣೆ ಒಟ್ಟಿನಲ್ಲಿ ಅರ್ಧಕ್ಕೆ ಇಳಿದು ಕಾಣುತ್ತದೆ. ದೂರದ ಲೂಪಿಗೆ ಒಂದು ಸುತ್ತು ಹೆಚ್ಚು ಹಾಕುವುದು ಇದಕ್ಕೇ.

ಲೂಪ್ ತುಂಡಾದರೆ ಕಾರ್ಡ್ ಸುಮ್ಮನಿರುವುದಿಲ್ಲ, ವಾಹನ ಸದಾ ಇದೆ ಎಂದು ಹೇಳುತ್ತಲೇ ಇರುವ ಹಾಗೆ ಅದನ್ನು ಮಾಡಿರುತ್ತಾರೆ, ಯಾರೂ ಶಾಶ್ವತವಾಗಿ ಕೆಂಪಿನಲ್ಲಿ ಸಿಕ್ಕಿಕೊಳ್ಳಬಾರದು ಎಂದು. ಆದ್ದರಿಂದ ನಡುರಾತ್ರಿ ಖಾಲಿ ಅಡ್ಡರಸ್ತೆಗೆ ಪ್ರತಿ ಸುತ್ತಿನಲ್ಲೂ ಗರಿಷ್ಠ ಹಸಿರು ಸಿಗುತ್ತಿದ್ದರೆ ಮೊದಲು ಆ ಲೂಪನ್ನು ನೋಡಿ. ಕಾರ್ಡ್ ತೆಗೆದು, ಎರಡೂ ವೈರನ್ನು ಟರ್ಮಿನಲ್‌ನಿಂದ ಬಿಡಿಸಿ, ಪ್ರತಿರೋಧ ಅಳೆಯಿರಿ. ಕೆಲವೇ ಓಮ್ ಇರಬೇಕು. ಆಮೇಲೆ ಒಂದು ವೈರು ಮತ್ತು ಅರ್ಥಿಂಗ್ ನಡುವೆ 500 ವೋಲ್ಟ್ ಮೆಗ್ಗರ್ (ವೈರಿನ ಹೊದಿಕೆಯ ಪ್ರತಿರೋಧ ಅಳೆಯುವ ಮೀಟರ್) ಹಾಕಿ. 100 ಮೆಗಾಓಮ್ ಮೇಲಿದ್ದರೆ ಚೆನ್ನಾಗಿದೆ, 50ಕ್ಕಿಂತ ಕೆಳಗಿದ್ದರೆ ಹೊದಿಕೆ ಸೀಳಿ ನೀರು ಸೇರುತ್ತಿದೆ. ಕಾರ್ಡ್ ಇಟ್ಟುಕೊಂಡು ಮೆಗ್ಗರ್ ತಿರುಗಿಸಿದರೆ ಕಾರ್ಡೇ ಹೋಗುತ್ತದೆ. ಬಿಸಿಲಲ್ಲಿ ಪಾಸಾದ ಲೂಪ್ ಮಳೆಯಲ್ಲಿ ಫೇಲಾಗುವುದು ಮಾಮೂಲು, ಸಾಧ್ಯವಾದರೆ ಮಳೆಯ ಮರುದಿನವೇ ಅಳೆಯಿರಿ. ಅಕ್ಕಪಕ್ಕದ ಎರಡು ಲೂಪ್ ಒಂದೇ ಆವರ್ತನದಲ್ಲಿದ್ದರೆ ಒಂದರ ಮೇಲೆ ನಿಂತ ಕಾರಿಗೆ ಇನ್ನೊಂದು ಬಾಯಿ ಹಾಕುತ್ತದೆ. ಅಂಥಲ್ಲಿ ಕಾರ್ಡಿನ ಸ್ವಿಚ್ ಬದಲಿಸಿ ಆವರ್ತನ ದೂರ ಮಾಡಿದರೆ ಸಾಕು.

ಕಾಲಕಾಲಕ್ಕೆ ಮಾಡಬೇಕಾದ್ದು

ಪೆಟ್ಟಿಗೆಗೆ ವೈರಿಗಳು ಮೂರು: ಬಿಸಿ, ಧೂಳು, ಹುಳ. ಆರು ತಿಂಗಳಿಗೊಮ್ಮೆ ಬಾಗಿಲಿನ ಏರ್ ಫಿಲ್ಟರ್ ಬದಲಿಸಿ, ಥರ್ಮೋಸ್ಟಾಟ್ ತಿರುಗಿಸಿ ಫ್ಯಾನ್ ತಿರುಗುತ್ತದೆಯೇ ನೋಡಿ, ಬಾಗಿಲಿನ ರಬ್ಬರ್ ಬೆರಳಿನಿಂದ ಒತ್ತಿ ನೋಡಿ. ನೆಲದಿಂದ ಬರುವ ಪೈಪಿನ ಬಾಯಿ ತೆರೆದಿದ್ದರೆ ತೇವ, ಇರುವೆ, ಇಲಿ ಮೂರೂ ಅಲ್ಲಿಂದಲೇ ಬರುತ್ತವೆ, ಅದನ್ನು ಸೀಲ್ ಮಾಡಿ. ಇರುವೆಗಳು ರಿಲೇ ಸಂಪರ್ಕಗಳ ನಡುವೆ ಸೇರಿ ಸತ್ತರೆ ಆ ರಿಲೇ ಬೇಕಾದಾಗ ಬೀಳುವುದಿಲ್ಲ. ಬ್ರೇಕರ್ ಇಳಿಸಿ, ಕರೆಂಟಿಲ್ಲ ಎಂದು ಮೀಟರಿನಲ್ಲಿ ಖಚಿತ ಮಾಡಿಕೊಂಡು, ಟರ್ಮಿನಲ್ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿ. ಬಿಸಿ ತಿಂದು ಕಂದಾದ ಟರ್ಮಿನಲ್ ಕಂಡರೆ ಅದು ಬರಲಿರುವ ದೋಷ.

ಮಾನಿಟರನ್ನು ವರ್ಷಕ್ಕೊಮ್ಮೆ ತೆಗೆದು ಟೆಸ್ಟರಿನಲ್ಲಿಟ್ಟು ಎಲ್ಲ ಜೋಡಿಗಳನ್ನೂ ಪರೀಕ್ಷಿಸಬೇಕು. ಅದು ಸುಮ್ಮನೆ ಕೂತಿರುವುದರಿಂದ ಕೆಟ್ಟರೂ ಗೊತ್ತಾಗುವುದಿಲ್ಲ. ಇಡೀ ವರ್ಷದಲ್ಲಿ ಒಂದು ಸಲವೂ ಬ್ಲಿಂಕ್ ಆಗದ ಜಂಕ್ಷನ್ನಿಗೂ ಈ ಪರೀಕ್ಷೆ ತಪ್ಪಬಾರದು.

ಎಲ್ಇಡಿ ಬಂದ ಮೇಲೆ 60ರಿಂದ 150 ವ್ಯಾಟಿನ ಬಲ್ಬಿನ ಜಾಗದಲ್ಲಿ 8ರಿಂದ 15 ವ್ಯಾಟ್ ಸಾಕಾಗಿದೆ, ಸುಡುವುದೂ ಅಪರೂಪ. ಆದರೆ ಬಲ್ಬಿನಂತೆ ಅದು ಒಮ್ಮೆಲೇ ಸಾಯುವುದಿಲ್ಲ, ವರ್ಷ ಕಳೆದಂತೆ ಮಂಕಾಗುತ್ತದೆ. ಮಾನಿಟರಿಗೆ ವೋಲ್ಟೇಜ್ ಕಾಣುತ್ತದೆ, ಚಾಲಕನಿಗೆ ಬೆಳಕು ಕಾಣುವುದಿಲ್ಲ. ಲೆನ್ಸ್ ಒರೆಸಿ, ಸತ್ತ ಚುಕ್ಕಿಗಳ ಸಾಲು ಇದೆಯೇ ನೋಡಿ, ನಡುಹಗಲಿನಲ್ಲಿ ನಿಲುಗಡೆ ಗೆರೆಯಿಂದ ನೂರು ಮೀಟರ್ ಹಿಂದೆ ನಿಂತು ಬಣ್ಣ ಗುರುತಿಸಲು ಕಷ್ಟವಾದರೆ ಮಾಡ್ಯೂಲ್ ಬದಲಿಸಿ. ಹಾಕಿದ ತಿಂಗಳು, ವರ್ಷವನ್ನು ಹಿಂಬದಿಯಲ್ಲಿ ಬರೆದಿಟ್ಟರೆ ಮುಂದೆ ಬರುವವರಿಗೆ ದೊಡ್ಡ ಉಪಕಾರ.

ಯುಪಿಎಸ್ ಇದ್ದರೆ ಬ್ಯಾಟರಿಯನ್ನು ಸುಮ್ಮನಿದ್ದಾಗಿನ ವೋಲ್ಟೇಜಿನಿಂದ ಅಳೆಯಬೇಡಿ, ಲೋಡ್ ಹಾಕಿ ಅಳೆಯಿರಿ. 25 ಡಿಗ್ರಿಗೆಂದು ಮಾಡಿದ ಲೆಡ್ ಆಸಿಡ್ ಬ್ಯಾಟರಿ ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ, ಬಿಸಿಲಲ್ಲಿ ನಿಂತ ಪೆಟ್ಟಿಗೆಯಲ್ಲಿ ಹೇಳುವುದೇ ಬೇಡ. ಸರಣಿಯಲ್ಲಿರುವ ನಾಲ್ಕರಲ್ಲಿ ಒಂದು ಸೊರಗಿದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಸಾಲು ಸಿಗ್ನಲ್‌ಗಳು ಒಂದರ ಹಿಂದೊಂದು ಹಸಿರಾಗುವ ವ್ಯವಸ್ಥೆಯಿದ್ದರೆ ಗಡಿಯಾರ ನೋಡಿ. 400 ಮೀಟರ್ ದೂರವನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ದಾಟಲು 36 ಸೆಕೆಂಡ್. ದಿನಕ್ಕೆ ಒಂದು ಸೆಕೆಂಡ್ ತಪ್ಪುವ ಗಡಿಯಾರ ಮೂರು ವಾರದಲ್ಲಿ 21 ಸೆಕೆಂಡ್ ಆಚೀಚೆ ಆಗಿರುತ್ತದೆ. ಆಮೇಲೆ ಜನ ಸಿಗ್ನಲ್ ಕೆಟ್ಟಿದೆ ಎನ್ನುತ್ತಾರೆ, ದೀಪಗಳೆಲ್ಲ ಸರಿಯಾಗೇ ಇರುತ್ತವೆ. ಜಿಪಿಎಸ್ ಗಡಿಯಾರ ಇದ್ದಲ್ಲಿ ಅದರ ಆಂಟೆನಾ ವೈರು ಬಿಟ್ಟಿಲ್ಲ ಎಂದು ನೋಡಿದರೆ ಸಾಕು.

ಕೆಲಸ ಮುಗಿಸಿ ಫ್ಲ್ಯಾಶ್‌ನಿಂದ ತೆಗೆದ ಕೂಡಲೇ ಬಾಗಿಲು ಹಾಕಬೇಡಿ. ಮೊದಲು ಎಲ್ಲ ಕಡೆ ಕೆಂಪು ಬರಬೇಕು, ಆಮೇಲೆ ಮುಖ್ಯ ರಸ್ತೆಗೆ ಹಸಿರು. ಎರಡು ಪೂರ್ತಿ ಸುತ್ತು ಅಲ್ಲೇ ನಿಂತು, ಪ್ರತಿ ದಿಕ್ಕಿನ ಮೂರೂ ಬಣ್ಣ, ಪಾದಚಾರಿ ಬಟನ್ ಒತ್ತಿದಾಗ ಬರುವ ಸರದಿ, ಎಲ್ಲವನ್ನೂ ಕಣ್ಣಾರೆ ನೋಡಿ. ಬಾಗಿಲಿನ ಒಳಬದಿಯ ಪುಸ್ತಕದಲ್ಲಿ ದಿನಾಂಕ, ಮಾನಿಟರ್ ತೋರಿಸಿದ ದೋಷ, ಚಾನೆಲ್ ನಂಬರು, ಸಿಕ್ಕಿದ ಕಾರಣ, ಮಾಡಿದ ಕೆಲಸ ಬರೆಯಿರಿ. ಕಾರಣ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ, ಅದೇ ಚಾನೆಲ್ ನಂಬರು ಎರಡನೇ ಸಲ ಕಂಡಾಗ ಮುಂದಿನವರು ನೇರ ಆ ಕಂಬದ ಕೈಕಿಂಡಿ ಬಿಚ್ಚುತ್ತಾರೆ.